ಕಿರಿಯ ಟಾಮ್ ಮಾರಿಸ್

ಗಾಲ್ಫ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಸಿರಿವಂತರ ವಿನೋದ. ಬೆಂಗಳೂರಿನ ಹೈಗ್ರೌಂಡ್ಸ್ ಬಳಿ ಬೇಲಿಯ ಹೊರಗೆ ನಿಂತು ಆ ಹಸುರು ಬಯಲನ್ನು ನೋಡಿದವರಲ್ಲಿ ಬಹುಮಂದಿಗೆ ಒಳಗೆ ನಡೆಯುವುದೇನೆಂಬುದು ಇಂದಿಗೂ ಒಗಟೇ. ಅಲ್ಲಿಯ ಗಾಲ್ಫ್ ಕ್ಲಬ್ಬು ಸ್ಥಾಪನೆಯಾದುದು 1876ರಲ್ಲಿ. ಅದರ ಹಿಂದಿನ ವರ್ಷದ ಕ್ರಿಸ್‌ಮಸ್ ದಿನ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಕಡಲತಡಿಯ ಊರಿನಲ್ಲಿ, ಈ ಆಟ ಕಂಡ ಮೊದಲ ಮಹಾಪ್ರತಿಭೆಯೊಂದು 24ನೆಯ ವಯಸ್ಸಿಗೇ ನಂದಿಹೋಗಿತ್ತು. ಅವನು ಹುಟ್ಟಿದ್ದು ನೇಕಾರರ ಮನೆತನದಲ್ಲಿ.

ತಂದೆಯ ಹೆಸರೂ ಟಾಮ್ ಮಾರಿಸ್ಸೇ. ಆದುದರಿಂದ ಜನ ಅವರನ್ನು ಹಿರಿಯ ಟಾಮ್, ಕಿರಿಯ ಟಾಮ್ ಎಂದು ಗುರುತಿಸಿದರು. ಮಗನನ್ನು ಪ್ರೀತಿಯಿಂದ ಟಾಮಿ ಎಂದೂ ಕರೆದರು. ಹಿರಿಯವನು ಬೇಯಿಸಿದ ಪುಕ್ಕಗಳನ್ನು ತೊಗಲಿನ ಚೀಲಕ್ಕೆ ಗಿಡಿದು ಚೆಂಡು ಮಾಡುವ ಕುಶಲಕರ್ಮಿ. 1851ರಲ್ಲಿ ಪಶ್ಚಿಮ ಕರಾವಳಿಯ ಪ್ರೆಸ್ಟ್‌ವಿಕ್‌ನಲ್ಲಿ ಆಟದ ಬಯಲನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದನು. ಆ ವರ್ಷದ ಏಪ್ರಿಲ್ 20ರಂದು ಹುಟ್ಟಿದ್ದ ಟಾಮಿ ಆಗಿನ್ನೂ ಎಳೆಗೂಸು. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ, ನಾಲ್ಕು ವರ್ಷದ ಚೊಚ್ಚಲ ಮಗನ ಹೆಸರನ್ನೇ ತಾಯಿತಂದೆಗಳು ಇವನಿಗೂ ಇಟ್ಟಿದ್ದರು.

1860ರಲ್ಲಿ ಓಪನ್ ಪಂದ್ಯಾವಳಿ ಆರಂಭವಾದುದು ಇದೇ ಪ್ರೆಸ್ಟ್‌ವಿಕ್‌ನಲ್ಲಿ. ಮೊದಲ ವರ್ಷ ಎರಡನೆಯವನಾದ ಹಿರಿಯ ಟಾಮ್ ಮುಂದೆ ನಾಲ್ಕು ಸಲ ಗೆದ್ದನು. ಮಗ ಏರ್ ಅಕಾಡೆಮಿಯಲ್ಲಿ ಉಳ್ಳವರ ಮಕ್ಕಳ ಜೊತೆ ಕುಳಿತು ಓದಿದನು. ಆ ಕಾಲದಲ್ಲಿ ವೃತ್ತಿ ಆಟಗಾರನೆಂದರೆ ದೊಡ್ಡವರ ಕೋಲುಗಳನ್ನು ಹೊರುವ, ಅವರು ಕಟ್ಟಿದ ಪಣಕ್ಕಾಗಿ ಆಡುವ, ಆಳಿಗಿಂತ ಒಂದು ಮೆಟ್ಟಿಲಷ್ಟೇ ಮೇಲಿನವನು. ಟಾಮಿ ಮಾತ್ರ ತಲೆಯೆತ್ತಿ ನಡೆಯಲು ಶಾಲೆಯಲ್ಲಿಯೇ ಕಲಿತನೆಂದು ತೋರುತ್ತದೆ.

1868ರಲ್ಲಿ, 17ನೆಯ ವಯಸ್ಸಿನಲ್ಲಿ, ಅವನು ಓಪನ್ ಗೆದ್ದನು. ಎರಡನೆಯ ಸ್ಥಾನದಲ್ಲಿದ್ದವನು ತಂದೆ! ಸೋತುದಕ್ಕಾಗಿ ಹಿಗ್ಗಿದ ಆಟಗಾರರು ಎಷ್ಟು ಮಂದಿ ಇದ್ದಾರು? ಮರುವರ್ಷವೂ ಟಾಮಿಯೇ ಗೆದ್ದನು. ಆ ಸಲ ಎಂಟನೆಯ ಗುಳಿಗೆ ಒಂದೇ ಹೊಡೆತದಲ್ಲಿ ಚೆಂಡನ್ನು ಸೇರಿಸಿದನು. ಓಪನ್‌ನಲ್ಲಿ ದಾಖಲಾದ ಅಂಥ ಮೊದಲ ಹೊಡೆತವದು. 1870ರಲ್ಲಿ ನಡೆದುದಂತೂ ಇಂದಿಗೂ ಬೆರಗು ಹುಟ್ಟಿಸುತ್ತದೆ. ಮೊದಲನೆಯ ಗುಳಿ 578 ಗಜ ದೂರ. ಕೈಯಲ್ಲಿದ್ದುದು ಮರದ ಹಿಡಿಯ ಕೋಲು, ಗಟಪರ್ಚ ಎಂಬ ಮರದಂಟಿನ ಚೆಂಡು. ಮೂರೇ ಹೊಡೆತಗಳಲ್ಲಿ ಚೆಂಡು ಗುಳಿಯೊಳಗಿತ್ತು. 36 ಗುಳಿಗಳನ್ನು 149 ಹೊಡೆತಗಳಲ್ಲಿ ಮುಗಿಸಿ, 12 ಹೊಡೆತಗಳ ಅಂತರದಿಂದ ಗೆದ್ದನು. ಸತತವಾಗಿ ಮೂರು ಸಲ ಗೆದ್ದವನಿಗೆ ಬೆಳ್ಳಿ ಜಡಿದ ಕೆಂಪು ತೊಗಲಿನ ಪಟ್ಟಿ ಶಾಶ್ವತವಾಗಿ ಸ್ವಂತವೆಂಬ ನಿಯಮವಿತ್ತು. ಪಟ್ಟಿ ಟಾಮಿಯ ಮನೆ ಸೇರಿತು. ಕೊಡಲು ಬಹುಮಾನವೇ ಇಲ್ಲದೆ 1871ರಲ್ಲಿ ಪಂದ್ಯಾವಳಿ ನಡೆಯಲಿಲ್ಲ! 1872ರಲ್ಲಿ ಮತ್ತೆ ನಡೆದಾಗ ಗೆದ್ದವನೂ ಅವನೇ. ಇಂದಿನವರೆಗೂ ಕೊಡುತ್ತಿರುವ ಬೆಳ್ಳಿಯ ಹೂಜಿಯ ಮೇಲೆ ಮೊದಲು ಕೆತ್ತಿದ ಹೆಸರು ಅವನದು. ಓಪನ್ನನ್ನು ಸಾಲಾಗಿ ನಾಲ್ಕು ಸಲ ಗೆದ್ದ ಇನ್ನೊಬ್ಬನು ಇದುವರೆಗೆ ಹುಟ್ಟಿಲ್ಲ.

ಅವನ ಆಟದ ಕಥೆಗಳನ್ನು ಕಂಡವರು ಬದುಕಿರುವತನಕ ಹೇಳಿದರು, ಕೇಳಿದವರು ಮುಂದೆ ಹೇಳಿದರು. ಬೀಸಿನ ರಭಸಕ್ಕೆ ತಲೆಯ ಮೇಲಿನ ಟೊಪ್ಪಿಗೆ ಹಾರಿಬೀಳುತ್ತಿತ್ತಂತೆ. ಗುಳಿಯತ್ತ ಚೆಂಡನ್ನು ಉರುಳಿಸಿದವನು ಅದು ತಲುಪುವ ಮೊದಲೇ ತೆಗೆದುಕೊಳ್ಳೆಂದು ಹುಡುಗನಿಗೆ ಹೇಳಿ ಬೆನ್ನು ತಿರುಗಿಸುತ್ತಿದ್ದನಂತೆ. ಅಹಂಕಾರವೆಂದು ಕೆಲವರಿಗೆ ಅನಿಸಿದ್ದೀತು. ಚೆಂಡು ಗುಳಿಗೆ ಬೀಳುತ್ತಿತ್ತೆಂಬುದನ್ನೂ ಮರೆಯಬಾರದು.

1874ರ ನವೆಂಬರಿನಲ್ಲಿ ಅವನು ಮಾರ್ಗರೆಟ್ ಡ್ರಿನೆನ್ನಳನ್ನು ಮದುವೆಯಾದನು. ಅವಳು ಮನೆಗೆಲಸ ಮಾಡಿಕೊಂಡಿದ್ದವಳು, ವಯಸ್ಸಿನಲ್ಲಿ ಅವನಿಗಿಂತ ಹಿರಿಯಳು. ಮರುವರ್ಷದ ಸೆಪ್ಟೆಂಬರಿನಲ್ಲಿ, ಅವಳು ತುಂಬುಗರ್ಭಿಣಿಯಾಗಿದ್ದಾಗ, ತಂದೆಮಕ್ಕಳು ನಾರ್ತ್ ಬರ್ವಿಕ್‌ನಲ್ಲಿ ವಿಲ್ಲಿ ಪಾರ್ಕ್, ಮಂಗೊ ಪಾರ್ಕ್ ಸೋದರರ ವಿರುದ್ಧ ಆಡುತ್ತಿದ್ದರು. ಆಟ ಮುಗಿಯಲು ಎರಡು ಗುಳಿಗಳಿರುವಾಗ ತಂತಿ ಬಂದಿತು: ಹೆರಿಗೆ ಕಷ್ಟವಾಗಿದೆ, ಕೂಡಲೇ ಹೊರಡಬೇಕು. ಆಟವನ್ನು ಮುಗಿಸಿದರು, ಗೆದ್ದರು. ಫೋರ್ತ್ ಕೊಲ್ಲಿಗೆ ಆಗಿನ್ನೂ ರೈಲು ಸೇತುವೆಯಿಲ್ಲ. ಅದು ಆದುದು 1890ರಲ್ಲಿ. ನೆಲದ ದಾರಿ ಸುತ್ತುಬಳಸಿನದು. ಮಹನೀಯರೊಬ್ಬರು ಹಾಯಿಹಡಗನ್ನು ಕೊಟ್ಟು ಉಪಕರಿಸಿದರು. ಕಡಲು ದಾಟಿ ಟಾಮಿ ಮನೆ ಸೇರುವ ವೇಳೆಗೆ ಮಾರ್ಗರೆಟ್ಟಳೂ ಕೂಸೂ ಇರಲಿಲ್ಲ.

ಅಂದು ಉಳಿದಿದ್ದ ಆ ಎರಡು ಗುಳಿಗಳನ್ನು ಬಿಟ್ಟೇ ಹೊರಟಿದ್ದರೆ? ಓದುವವರೆಲ್ಲ ಈ ಪ್ರಶ್ನೆಯ ಬಳಿ ನಿಲ್ಲುತ್ತಾರೆ. ಅಷ್ಟು ಹೊತ್ತಿನಿಂದ ಕೊಲ್ಲಿಯ ಅಗಲವೇನೂ ಕಡಮೆಯಾಗುತ್ತಿರಲಿಲ್ಲ. ಆದರೂ ಟಾಮಿ ತನ್ನೊಳಗೆ ಅದನ್ನು ಕೇಳಿಕೊಳ್ಳದೆ ಇದ್ದಿರಲಾರನೆಂದೇ ನನ್ನ ಊಹೆ.

ಆ ಚಳಿಗಾಲದಲ್ಲಿ ಇಂಗ್ಲಿಷ್ ಆಟಗಾರ ಮೋಲ್ಸ್‌ವರ್ತ್ ಸವಾಲು ಹಾಕಿದನು. ಹಿಮ ಬಿದ್ದ ಬಯಲಿನಲ್ಲಿ, ಎದುರಾಳಿಗೆ ಹೊಡೆತಗಳ ರಿಯಾಯಿತಿ ಕೊಟ್ಟು, ದಿನಗಟ್ಟಲೆ ಆಡಿ ಟಾಮಿಯೇ ಗೆದ್ದನು. ಕೆಲವೇ ವಾರಗಳಲ್ಲಿ, ಕ್ರಿಸ್‌ಮಸ್ ಬೆಳಗ್ಗೆ, ಅವನು ಹಾಸಿಗೆಯಿಂದ ಏಳಲಿಲ್ಲ. ಶ್ವಾಸಕೋಶದ ರಕ್ತನಾಳ ಒಡೆದಿತ್ತು. ಜನರು ಮಾತ್ರ ಎದೆಯೊಡೆದು ಸತ್ತನೆಂದರು.

ಆ ಮಾತನ್ನು ಒಪ್ಪದವನು ತಂದೆಯೊಬ್ಬನೇ. ದುಃಖಕ್ಕೆ ಜೀವ ತೆಗೆಯುವ ಶಕ್ತಿಯಿದ್ದಿದ್ದರೆ ತಾನೂ ಉಳಿಯುತ್ತಿರಲಿಲ್ಲವೆಂದು ಅವನು ಹೇಳುತ್ತಿದ್ದನಂತೆ. ಮಗನ ಅಗಲಿಕೆಯಲ್ಲಿ ಪ್ರಾಣಬಿಟ್ಟ ದಶರಥನನ್ನು ನಾವು ಬಲ್ಲೆವು. ಈ ಮುದುಕ ಬದುಕಿದನು. ಮರುವರ್ಷ ಹೆಂಡತಿ ಹೋದಳು; ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಅವನ ಕಣ್ಣೆದುರಿಗೇ ಹೋದರು. ಅವನು ಸೇಂಟ್ ಆಂಡ್ರೂಸಿನ ಬಯಲನ್ನು ನೋಡಿಕೊಳ್ಳುತ್ತ, ಊರೂರುಗಳಲ್ಲಿ ಹೊಸ ಬಯಲುಗಳನ್ನು ರೂಪಿಸುತ್ತ, 70 ದಾಟಿದ ಮೇಲೂ ಓಪನ್‌ನಲ್ಲಿ ಆಡುತ್ತ ದಿನ ಕಳೆದನು.

1878ರಲ್ಲಿ, 60 ಗಾಲ್ಫ್ ಸಂಘಗಳು ಕೊಟ್ಟ ಹಣದಿಂದ, ಹಾಳುಬಿದ್ದ ಹಳೆಯ ಕೆಥೆಡ್ರಲ್ಲಿನ ಆವರಣದಲ್ಲಿ ಟಾಮಿಯ ಸ್ಮಾರಕವೆದ್ದಿತು. ಟೊಪ್ಪಿಗೆ ತೊಟ್ಟು, ಕೋಲು ಹಿಡಿದು, ಚೆಂಡಿನತ್ತ ಬಾಗಿ ನಿಂತ ಶಿಲ್ಪವದು. 1908ರ ಮೇ ತಿಂಗಳಿನಲ್ಲಿ ಗಾಲ್ಫ್ ಕ್ಲಬ್ಬೊಂದರ ಮೆಟ್ಟಿಲುಗಳಿಂದ ಬಿದ್ದು ತೀರಿಕೊಂಡ 86 ವರ್ಷದ ತಂದೆಯನ್ನು ಮಣ್ಣುಮಾಡಿದ್ದು ಅದರ ಪಾದದಲ್ಲಿಯೇ.