ಸುರಂಜನ್ ದಾಸ್ ಯಾರು? ಉತ್ಪಾದನೆಗೇ ಬರದ ಯುದ್ಧವಿಮಾನದ ಕಥೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯಿಂದ ಬೆಂಗಳೂರಿಗೆ ಹೋಗಿ ನೆಲೆಸಿದ ಎಷ್ಟೋ ಮಂದಿ ಸುರಂಜನ್ ದಾಸ್ ರಸ್ತೆಯಲ್ಲಿ ಓಡಾಡಿರುತ್ತಾರೆ. ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ರಸ್ತೆ ಅದು. ಆ ಹೆಸರು ಯಾರದು? ತಿಳಿಯೋಣ ಬನ್ನಿ.

ಯಾರಿವರು?

ಸುರಂಜನ್ ದಾಸ್ ಹುಟ್ಟಿದ್ದು 1920ರಲ್ಲಿ. ತಂದೆ ಎಸ್.ಆರ್. ದಾಸ್ ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದವರು. ಮಗ ವಾಯುಪಡೆ ಸೇರಿ ಟೆಸ್ಟ್ ಪೈಲಟ್ ಆದರು. ಅಂದರೆ, ಯಾರೂ ಹಾರಿಸಿರದ ಹೊಸ ವಿಮಾನವನ್ನು ಮೊದಲು ಹಾರಿಸಿ ನೋಡುವ ಕೆಲಸ.

ಜರ್ಮನಿಯ ಕರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್‌ಎಎಲ್ ರೂಪಿಸಿದ ಮಾರುತ್ ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿಸಿದವರು ಇವರೇ. 1964ರಲ್ಲಿ ಕಿರಣ್ ತರಬೇತಿ ವಿಮಾನವನ್ನೂ ಮೊದಲು ಹಾರಿಸಿದರು.

ತೊಂದರೆ ಎಲ್ಲಿತ್ತು?

ಎಂಜಿನ್‌ನಲ್ಲಿ. ಮಾರುತ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬೇಕು ಎಂಬುದು ಗುರಿ. ಆದರೆ ನೆಚ್ಚಿಕೊಂಡಿದ್ದ ಶಕ್ತಿಶಾಲಿ ಆರ್ಫಿಯಸ್ ಎಂಜಿನ್‌ನ ಅಭಿವೃದ್ಧಿ ಬ್ರಿಟನ್‌ನಲ್ಲೇ ನಿಂತುಹೋಯಿತು. ಕಡಿಮೆ ಶಕ್ತಿಯ ಎಂಜಿನ್ ಹಾಕಿದ್ದರಿಂದ ವಿಮಾನ ಶಬ್ದದ ವೇಗವನ್ನು ಮುಟ್ಟುವುದೇ ಕಷ್ಟವಾಯಿತು.

ಇದಕ್ಕೆ ಬೆಂಗಳೂರಿನ ವಿಜ್ಞಾನಿಗಳು ಹುಡುಕಿದ ದಾರಿ ಆಫ್ಟರ್‌ಬರ್ನರ್. ಎಂಜಿನ್‌ನಿಂದ ಹೊರಬರುವ ಬಿಸಿ ಗಾಳಿಯಲ್ಲಿ ಇನ್ನೂ ಆಮ್ಲಜನಕ ಉಳಿದಿರುತ್ತದೆ. ಅದಕ್ಕೆ ಮತ್ತಷ್ಟು ಇಂಧನ ಸಿಂಪಡಿಸಿ ಉರಿಸಿದರೆ ನೂಕುವ ಬಲ ಹೆಚ್ಚುತ್ತದೆ. ಹೀಗೆ ಮಾರ್ಪಡಿಸಿದ ಪ್ರಾಯೋಗಿಕ ಮಾರುತ್ ಹಾರಿಸುವಾಗಲೇ, 1970ರ ಜನವರಿ 10ರಂದು, ಗ್ರೂಪ್ ಕ್ಯಾಪ್ಟನ್ ದಾಸ್ ಬೆಂಗಳೂರಿನಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡರು. ಆಗ ಅವರಿಗೆ 50 ವರ್ಷವೂ ತುಂಬಿರಲಿಲ್ಲ.

ಅಪಘಾತದಿಂದಲೇ ಯೋಜನೆ ನಿಂತಿತೇ?

ಅಷ್ಟೇ ಕಾರಣವಲ್ಲ. ಆಫ್ಟರ್‌ಬರ್ನರ್ ಕೂರಿಸಲು ವಿಮಾನದ ಹಿಂಭಾಗವನ್ನು ಅಗಲ ಮಾಡಬೇಕಾಯಿತು. ಇದರಿಂದ ಗಾಳಿಯ ಎಳೆತ ಹೆಚ್ಚಿ, ಸಿಕ್ಕ ಬಲದ ಬಹುಪಾಲು ಅದಕ್ಕೇ ಖರ್ಚಾಯಿತು. ಆ ಮಾದರಿ ಉತ್ಪಾದನೆಗೆ ಬರಲೇ ಇಲ್ಲ.

ಹಾಗಾದರೆ ಮಾರುತ್ ಸೋತಿತೇ?

ಇಲ್ಲ. ಆಫ್ಟರ್‌ಬರ್ನರ್ ಇಲ್ಲದ ಮಾರುತ್‌ಗಳೇ 1971ರ ಯುದ್ಧದಲ್ಲಿ ಲೋಂಗೇವಾಲಾದಲ್ಲಿ ಶತ್ರುಗಳ ಟ್ಯಾಂಕ್‌ಗಳ ಮೇಲೆ ದಾಳಿ ಮಾಡಿದವು. ಒಟ್ಟು 147 ಮಾರುತ್‌ಗಳು ತಯಾರಾದವು.

ಮಾರುತ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುತ್ತಿತ್ತು ಎಂಬ ಮೆಸೇಜ್ ನಿಮಗೆ ಬಂದರೆ ನೆನಪಿಡಿ: ಅದು ಗುರಿಯಾಗಿತ್ತು, ಸಾಧನೆಯಲ್ಲ. ವಿಮಾನ ನಮ್ಮದಾದರೆ ಸಾಲದು, ಎಂಜಿನ್ ಕೂಡ ನಮ್ಮದಾಗಬೇಕು. ಇಂದಿನ ತೇಜಸ್ ಹಾರುತ್ತಿರುವುದೂ ಅಮೆರಿಕದ ಎಂಜಿನ್‌ನಿಂದಲೇ. ಮುಂದಿನ ಸಲ ಆ ರಸ್ತೆಯಲ್ಲಿ ಹೋಗುವಾಗ, ಈ ಕೊರತೆ ನೀಗಿಸುವ ಪ್ರಯತ್ನದಲ್ಲಿ ಜೀವ ತೆತ್ತವರನ್ನು ಒಮ್ಮೆ ನೆನೆಯೋಣ.