ಮುಳುಗಿದ ಹಡಗನ್ನು ಹಾಡಿದವನು

ಐದನೇ ಸೆಮಿಸ್ಟರ್‌ನಲ್ಲಿ ನನಗೆ ಸಿಕ್ಕ ಸೆಮಿನಾರ್ ವಿಷಯ: ವಿಮಾನದೊಳಗಿನ ಬೆಂಕಿ. ಎರಡು ಸಬ್ಜೆಕ್ಟ್ ಬ್ಯಾಕ್ ಇರುವುದರಿಂದ ಪ್ಲೇಸ್‌ಮೆಂಟ್‌ಗೆ ಕೂರುವಂತಿಲ್ಲ ಎಂದು ಗೊತ್ತಾದ ವಾರವದು. ಮನಸ್ಸಿಲ್ಲದ ಮನಸ್ಸಿನಿಂದ ಓದುತ್ತಿದ್ದೆ. 1983ರ ಜೂನ್ 2ರಂದು ಏರ್ ಕೆನಡಾ ವಿಮಾನದಲ್ಲಿ ಸತ್ತ 23 ಜನರಲ್ಲಿ ಒಬ್ಬ ಹಾಡುಗಾರನೂ ಇದ್ದ ಎಂಬ ಮಾತು ಕಣ್ಣಿಗೆ ಬಿತ್ತು. ಹೆಸರು ಸ್ಟ್ಯಾನ್ ರೋಜರ್ಸ್, ವಯಸ್ಸು 33. ಸೆಮಿನಾರ್ ಬದಿಗಿಟ್ಟು ಅವನ ಬೆನ್ನು ಹತ್ತಿದೆ.

ಸ್ಟ್ಯಾನ್ ಹುಟ್ಟಿದ್ದು 1949ರಲ್ಲಿ, ಕೆನಡಾದ ಹ್ಯಾಮಿಲ್ಟನ್ ನಗರದಲ್ಲಿ. ಅಪ್ಪ ಅಮ್ಮ ಪೂರ್ವ ಕರಾವಳಿಯಿಂದ ಕೆಲಸ ಹುಡುಕಿಕೊಂಡು ಬಂದವರು. ಐದು ವರ್ಷದ ಹುಡುಗನಿಗೆ ಸೋದರಮಾವ ಕೈಯಾರೆ ಪುಟ್ಟ ಗಿಟಾರ್ ಮಾಡಿಕೊಟ್ಟ. ಬೇಸಿಗೆ ರಜೆ ಬಂದರೆ ನೋವಾ ಸ್ಕೋಷಿಯಾದ ನೆಂಟರ ಊರು, ಮೀನುಗಾರರ ಮಾತು, ಸಮುದ್ರ. ಹದಿಹರೆಯದಲ್ಲಿ ರಾಕ್ ಬ್ಯಾಂಡ್‌ಗಳಲ್ಲಿ ಬೇಸ್ ಗಿಟಾರ್ ನುಡಿಸಿದ. ಕಾಲೇಜು ದಿನಗಳಲ್ಲಿ ಕಾಫಿಹೌಸುಗಳಲ್ಲಿ ಹಾಡಿದ.

1970ರಲ್ಲಿ ಆರ್‌ಸಿಎ ಎಂಬ ದೊಡ್ಡ ಕಂಪನಿ ಕರೆಯಿತು. ಬಂದದ್ದು ಎರಡೇ ಸಿಂಗಲ್. ಅಲ್ಲಿಗೆ ಅವನ ದಾರಿ ಮುಗಿಯಬಹುದಿತ್ತು. ಆದರೆ ಅವನು ಅಪ್ಪ ಅಮ್ಮ ಬಿಟ್ಟು ಬಂದ ಕರಾವಳಿಯ ಬಗ್ಗೆಯೇ ಬರೆಯಲು ಕುಳಿತ. ಆ ಹಾಡುಗಳ ಮೊದಲ ಆಲ್ಬಂ 'ಫೋಗರ್ಟೀಸ್ ಕೋವ್' 1977ರಲ್ಲಿ ಒಂದು ಸಣ್ಣ ಸಂಸ್ಥೆಯಿಂದ ಬಂತು. ನಂತರ ಅದರ ಹಕ್ಕನ್ನೇ ಕೊಂಡು ತನ್ನದೇ ಕಂಪನಿ ತೆರೆದ. ವ್ಯವಹಾರ ನೋಡಿಕೊಂಡವರು ತಾಯಿ ವ್ಯಾಲೆರಿ. ತಮ್ಮ ಗಾರ್ನೆಟ್ ಪಿಟೀಲು, ಕೊಳಲು ಹಿಡಿದು ಜೊತೆಗೆ ನಿಂತ. ದೊಡ್ಡವರ ಹಂಗಿಲ್ಲದೆ ಊರೂರು ಸುತ್ತಿದರು. ಮೀನುಗಾರ, ರೈತ, ಊರು ಬಿಟ್ಟು ದೂರದ ತೈಲ ಸಂಸ್ಕರಣಾ ಘಟಕದಲ್ಲಿ ದುಡಿಯುವ ಹುಡುಗ, ಇವರೇ ಅವನ ಹಾಡಿನ ನಾಯಕರು.

1979ರ ಲೈವ್ ಆಲ್ಬಂನಲ್ಲಿ 'ದಿ ಮೇರಿ ಎಲೆನ್ ಕಾರ್ಟರ್' ಎಂಬ ಹಾಡಿದೆ. ಮುಳುಗಿದ ಹಡಗೊಂದನ್ನು ಮಾಲೀಕರು ಕೈಬಿಡುತ್ತಾರೆ. ಅದರಲ್ಲಿ ದುಡಿದವರು ಮಾತ್ರ ಬಿಡುವುದಿಲ್ಲ, ಮೇಲೆತ್ತಲು ತಾವೇ ನೀರಿಗಿಳಿಯುತ್ತಾರೆ. ಕಥೆ ಇಷ್ಟೇ.

1983ರ ಫೆಬ್ರವರಿ 12ರಂದು ಅಮೆರಿಕದ ವರ್ಜೀನಿಯಾ ಕರಾವಳಿಯಾಚೆ ಕಲ್ಲಿದ್ದಲು ಹೊತ್ತ 'ಮರೀನ್ ಎಲೆಕ್ಟ್ರಿಕ್' ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. 34 ಜನರಲ್ಲಿ ಬದುಕಿದ್ದು ಮೂವರು. ಅವರಲ್ಲೊಬ್ಬ ಹಡಗಿನ ಹಿರಿಯ ಅಧಿಕಾರಿ. ನೀರು ತುಂಬಿದ ದೋಣಿಗೆ ಜೋತುಬಿದ್ದು, ಕೊರೆಯುವ ಚಳಿಯಲ್ಲಿ ಬೆಳಗಾಗುವ ತನಕ ಅವನು ಕೂಗಿಕೊಂಡದ್ದು ಇದೇ ಹಾಡಿನ ಪಲ್ಲವಿಯನ್ನು. ಬದುಕುಳಿದ ಮೇಲೆ ಸ್ಟ್ಯಾನ್‌ಗೆ ಪತ್ರ ಬರೆದು ತಿಳಿಸಿದ.

ನಾಲ್ಕು ತಿಂಗಳೊಳಗೆ ಸ್ಟ್ಯಾನ್ ಹೋದ. ಟೆಕ್ಸಾಸ್‌ನ ಸಂಗೀತೋತ್ಸವ ಮುಗಿಸಿ ಮನೆಗೆ ಹೊರಟಿದ್ದ. ಹಾರುತ್ತಿದ್ದ ವಿಮಾನದ ಹಿಂಬದಿಯ ಶೌಚಾಲಯದ ಬಳಿ ಹೊಗೆ ಕಾಣಿಸಿತು. ಪೈಲಟ್ ಸಿನ್ಸಿನಾಟಿಯಲ್ಲಿ ಹೇಗೋ ಇಳಿಸಿದ. ಆದರೆ ಬಾಗಿಲು ತೆರೆದ ಒಂದೂವರೆ ನಿಮಿಷದೊಳಗೆ ಒಳಗೆಲ್ಲ ಬೆಂಕಿ ಭುಗಿಲೆದ್ದಿತು. ಇದ್ದ 46 ಜನರಲ್ಲಿ ಅರ್ಧದಷ್ಟು ಜನ ಹೊರಗೆ ಬರಲೇ ಇಲ್ಲ.

ನನ್ನ ಸೆಮಿನಾರ್ ಶುರುವಾಗುವುದು ಇಲ್ಲಿಂದ. ಈ ದುರಂತದ ನಂತರ ಶೌಚಾಲಯಗಳಲ್ಲಿ ಹೊಗೆ ಪತ್ತೆ ಸಾಧನ ಕಡ್ಡಾಯವಾಯಿತು. ಬೇಗ ಉರಿಯದ ಸೀಟುಗಳು ಬಂದವು. ಹೊಗೆ ತುಂಬಿದರೂ ತೆವಳಿಕೊಂಡು ದಾರಿ ಹುಡುಕಲು ನೆಲದಂಚಿನಲ್ಲಿ ದೀಪಗಳು ಬಂದವು. ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಒಂದೊಂದು ನಿಯಮದ ಹಿಂದೆಯೂ ಯಾರದೋ ಹೆಸರಿರುತ್ತದೆ ಎಂದು ಅದುವರೆಗೆ ನನಗೆ ಹೊಳೆದಿರಲಿಲ್ಲ.

ದೊಡ್ಡ ಕಂಪನಿಯಲ್ಲಿ ಕೆಲಸ ಸಿಗದಿದ್ದರೆ ನನ್ನ ಓದು ದಂಡ ಎಂದುಕೊಂಡಿದ್ದೆ. ಸ್ಟ್ಯಾನ್ ತನ್ನ ಹಾಡು ಯಾರನ್ನು ತಲುಪುತ್ತದೆ ಎಂದು ತಿಳಿದು ಬರೆದವನಲ್ಲ. ಚೆನ್ನಾಗಿ ಬರೆದ, ಅಷ್ಟೆ. ಅದು ಮುಳುಗುತ್ತಿದ್ದ ಅಪರಿಚಿತನನ್ನು ತಲುಪಿತು.

ಬ್ಯಾಕ್ ಇದ್ದ ಎರಡರಲ್ಲಿ ಒಂದು ಸಬ್ಜೆಕ್ಟ್ ಪಾಸಾಗಿದೆ. ಇನ್ನೊಂದರ ಪರೀಕ್ಷೆ ಮುಂದಿನ ತಿಂಗಳು. ನಾನಿನ್ನೂ ವಿಮಾನ ಹತ್ತಿಲ್ಲ. ಹತ್ತಿದ ದಿನ ಕಿಟಕಿಗಿಂತ ಮೊದಲು ನೋಡುವುದು ನೆಲದ ಆ ದೀಪಗಳನ್ನು.