ಓವನ್ ವಾಂಗೆನ್‌ಸ್ಟೀನ್

ಓವನ್ ಹಾರ್ಡಿಂಗ್ ವಾಂಗೆನ್‌ಸ್ಟೀನ್ (21 ಸೆಪ್ಟೆಂಬರ್ 1898 – 13 ಜನವರಿ 1981) ಅಮೆರಿಕದ ಶಸ್ತ್ರಚಿಕಿತ್ಸಾ ತಜ್ಞರು ಹಾಗೂ ವೈದ್ಯಕೀಯ ಪ್ರಾಧ್ಯಾಪಕರು. ಕರುಳಿನ ತಡೆಗೆ ಕೊಳವೆಯ ಮೂಲಕ ನಿರಂತರವಾಗಿ ಹೀರುವ ಚಿಕಿತ್ಸೆಯನ್ನು ರೂಪಿಸಿದವರೆಂದು ಪ್ರಸಿದ್ಧರಾಗಿದ್ದಾರೆ.

ಜೀವನ

ವಾಂಗೆನ್‌ಸ್ಟೀನ್ ಅವರು ಮಿನ್ನೆಸೋಟಾ ರಾಜ್ಯದ ಲೇಕ್ ಪಾರ್ಕ್‌ನಲ್ಲಿ ನಾರ್ವೆ ಮೂಲದ ಕುಟುಂಬದಲ್ಲಿ ಜನಿಸಿದರು. ಮಿನ್ನೆಸೋಟಾ ವಿಶ್ವವಿದ್ಯಾಲಯದಿಂದ 1922ರಲ್ಲಿ ವೈದ್ಯಕೀಯ ಪದವಿಯನ್ನೂ 1925ರಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. 1930ರಿಂದ 1967ರವರೆಗೆ ಅಲ್ಲಿಯೇ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿದ್ದರು.

ಕರುಳಿನ ತಡೆಯ ಚಿಕಿತ್ಸೆ

ಹೊಟ್ಟೆಯ ಶಸ್ತ್ರಚಿಕಿತ್ಸೆಯ ಬಳಿಕ ಒಳಗಿನ ಗಾಯ ಮಾಯುವಾಗ ಅಂಗಾಂಶದ ಪಟ್ಟಿಗಳು ಬೆಳೆದು ಕರುಳನ್ನು ಅಂಟಿಸಿಬಿಡುವುದುಂಟು. ಇವನ್ನು ಅಡ್ಹೀಶನ್ ಎನ್ನುತ್ತಾರೆ. ಇವುಗಳಿಂದ ಕರುಳು ಮಡಚಿಕೊಂಡರೆ ಆಹಾರದ ಹಾದಿ ಮುಚ್ಚಿ, ಹೊಟ್ಟೆ ಉಬ್ಬಿ, ವಾಂತಿಯಾಗುತ್ತದೆ. ಆ ಕಾಲದಲ್ಲಿ ಇದಕ್ಕೆ ಶಸ್ತ್ರಚಿಕಿತ್ಸೆಯೇ ಮುಖ್ಯ ಪರಿಹಾರವಾಗಿತ್ತು. ಆದರೆ ಉಬ್ಬಿದ ಕರುಳಿನೊಡನೆ ನಿತ್ರಾಣರಾದ ಅನೇಕರು ಅದನ್ನು ತಾಳಲಾರದೆ ಸಾಯುತ್ತಿದ್ದರು.

ಕರುಳನ್ನು ಉಬ್ಬಿಸುವ ಅನಿಲದ ಹೆಚ್ಚಿನ ಭಾಗ ರೋಗಿ ನುಂಗಿದ ಗಾಳಿಯೇ ಎಂಬುದನ್ನು ವಾಂಗೆನ್‌ಸ್ಟೀನ್ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. 1930ರ ದಶಕದ ಆರಂಭದಲ್ಲಿ ಮೂಗಿನ ಮೂಲಕ ಜಠರಕ್ಕೆ ಕೊಳವೆ ಇಳಿಸಿ, ಅದನ್ನು ನೀರಿನ ಬಾಟಲಿಗಳ ವ್ಯವಸ್ಥೆಗೆ ಜೋಡಿಸಿದರು. ಮೇಲಿನ ಬಾಟಲಿಯಿಂದ ನೀರು ಕೆಳಗಿಳಿದಂತೆ ಉಂಟಾಗುವ ಸೆಳೆತವು ಗಾಳಿ ಮತ್ತು ದ್ರವವನ್ನು ಹೊರಗೆಳೆಯುತ್ತಿತ್ತು. ಉಬ್ಬರ ಇಳಿದಾಗ ಅಂಟಿನಿಂದಾದ ತಡೆ ಹಲವರಲ್ಲಿ ತಾನಾಗಿಯೇ ಬಿಡುತ್ತಿತ್ತು. ಉಳಿದವರು ಶಸ್ತ್ರಚಿಕಿತ್ಸೆಯನ್ನು ತಾಳುವಷ್ಟು ಚೇತರಿಸಿಕೊಳ್ಳುತ್ತಿದ್ದರು.

ಈ ವಿಧಾನಕ್ಕೆ ಮಿತಿಯೂ ಇದೆ. ಕರುಳು ಹಿಸುಕಿಕೊಂಡು ರಕ್ತಸಂಚಾರ ನಿಂತಿದ್ದರೆ ಹೀರುವಿಕೆಯಿಂದ ಪ್ರಯೋಜನವಿಲ್ಲ. ವಿಳಂಬವು ಪ್ರಾಣಕ್ಕೇ ಎರವಾಗುತ್ತದೆ. ಆದ್ದರಿಂದ ಯಾರಿಗೆ ಕಾಯಬಹುದು, ಯಾರಿಗೆ ಕೂಡಲೇ ಶಸ್ತ್ರಚಿಕಿತ್ಸೆ ಬೇಕು ಎಂಬ ನಿರ್ಣಯವೇ ಚಿಕಿತ್ಸೆಯ ತಿರುಳು. ಈ ವಿಷಯದ ಕುರಿತು ಅವರು ಬರೆದ ಗ್ರಂಥವು 1937ರಲ್ಲಿ ಪ್ರಕಟವಾಯಿತು.

ಶಿಷ್ಯರು ಮತ್ತು ಕೊನೆಯ ವರ್ಷಗಳು

ಪ್ರಯೋಗಾಲಯದ ಸಂಶೋಧನೆಯು ಶಸ್ತ್ರಚಿಕಿತ್ಸಕರ ತರಬೇತಿಯ ಭಾಗವಾಗಬೇಕೆಂದು ಅವರು ನಂಬಿದ್ದರು. ತೆರೆದ ಹೃದಯ ಶಸ್ತ್ರಚಿಕಿತ್ಸೆಯ ಪ್ರವರ್ತಕ ವಾಲ್ಟನ್ ಲಿಲ್ಲೆಹೈ, 1967ರಲ್ಲಿ ಮೊದಲ ಬಾರಿಗೆ ಮಾನವ ಹೃದಯವನ್ನು ಮತ್ತೊಬ್ಬ ಮಾನವನಿಗೆ ಕಸಿ ಮಾಡಿದ ಕ್ರಿಸ್ಟಿಯಾನ್ ಬರ್ನಾರ್ಡ್ ಮತ್ತು ನಾರ್ಮನ್ ಶಮ್‌ವೇ ಅವರ ವಿಭಾಗದಲ್ಲಿ ತರಬೇತಿ ಪಡೆದವರು. ನಿವೃತ್ತಿಯ ನಂತರ ಪತ್ನಿ ಸಾರಾ ಅವರೊಡನೆ ಬರೆದ ಶಸ್ತ್ರಚಿಕಿತ್ಸೆಯ ಇತಿಹಾಸವು 1978ರಲ್ಲಿ ಹೊರಬಂದಿತು.

ಬಾಟಲಿಗಳ ಜಾಗಕ್ಕೆ ಇಂದು ಯಂತ್ರಗಳು ಬಂದಿವೆ. ಆದರೂ ಅಂಟಿನಿಂದಾದ ತಡೆಯಲ್ಲಿ ಕರುಳಿನ ರಕ್ತಸಂಚಾರಕ್ಕೆ ಅಪಾಯದ ಲಕ್ಷಣಗಳಿಲ್ಲದಿದ್ದರೆ, ಬಾಯಿಯ ಆಹಾರ ನಿಲ್ಲಿಸಿ, ರಕ್ತನಾಳದ ಮೂಲಕ ದ್ರವ ನೀಡಿ, ಅಗತ್ಯವಿದ್ದಾಗ ಮೂಗಿನ ಕೊಳವೆಯಿಂದ ಹೀರುತ್ತಾ ರೋಗಿಯನ್ನು ಗಮನಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆಯಾಗಿ ಉಳಿದಿದೆ.